ಬಸ್ ಸ್ಟ್ಯಾಂಡಿನಲ್ಲಿ ತಲೆ ಎಣಿಸಿದರೆ ಸಾಲದು

ಮಾನ್ಯರೇ,

ಕರಾವಳಿಯಲ್ಲಿ ಹೊಸ ಬಸ್ಸಿನ ಬೇಡಿಕೆ ಎದ್ದಾಗ ‘ಸಮೀಕ್ಷೆ’ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ತಲೆ ಎಣಿಸುವುದು, ‘ಬಸ್ ಬಿಟ್ಟರೆ ಬರ್ತೀರಾ?’ ಎಂದು ಕೇಳುವುದು ಎಂಬಂತಾಗಿದೆ. ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಹೌದೆಂದರೆ ಗಂಟೇನೂ ಹೋಗುವುದಿಲ್ಲವಲ್ಲ. ಇತ್ತ ಬೈಕಿನಲ್ಲೋ ಟೆಂಪೋದಲ್ಲೋ ಹೋಗಿಬಿಟ್ಟವರು ಎಣಿಕೆಗೇ ಸಿಗುವುದಿಲ್ಲ. ಹೊಸ ಬಸ್ಸು ಸೆಳೆಯಬೇಕಾದದ್ದು ಅವರನ್ನೇ.

ಹೊತ್ತು, ಖರ್ಚು ನೋಡಿ ಎಷ್ಟು ಪಾಲು ಜನ ಯಾವ ವಾಹನ ಆರಿಸುತ್ತಾರೆಂದು ಅಂದಾಜಿಸಲು ಲಾಜಿಟ್ ಮಾದರಿ ಎಂಬ ಲೆಕ್ಕ ಬಹಳ ಹಿಂದಿನಿಂದ ಇದೆ. ಸ್ಯಾನ್‌ಫ್ರಾನ್ಸಿಸ್ಕೊದ ಬಾರ್ಟ್ ರೈಲಿಗೆ ಶೇ 15ರಷ್ಟು ಪ್ರಯಾಣಿಕರು ಬರುತ್ತಾರೆಂದು ಅಧಿಕೃತ ಅಂದಾಜಿತ್ತು. ಡೇನಿಯಲ್ ಮೆಕ್‌ಫ್ಯಾಡನ್ ತಂಡ ಇದೇ ಲೆಕ್ಕದಿಂದ 6.3 ಎಂದಿತು, ಬಂದದ್ದು 6.2. ಮೆಕ್‌ಫ್ಯಾಡನ್ ಅವರಿಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು.

ಲೆಕ್ಕ ಹೀಗೆ: ಪ್ರತಿ ವಾಹನಕ್ಕೂ ಒಂದು ಅಂಕ, ಸೊನ್ನೆಯಿಂದ ಶುರು. ಪ್ರಯಾಣದ ನಿಮಿಷಕ್ಕೆ 0.04, ಕಾಯುವ ನಿಮಿಷಕ್ಕೆ 0.08, ರೂಪಾಯಿಗೆ 0.03 ಕಳೆಯಿರಿ. ಈ ಸಂಖ್ಯೆಗಳು ಉದಾಹರಣೆಗೆ ಮಾತ್ರ, ನಿಜವಾದವು ನಮ್ಮೂರಿನ ಮಾಹಿತಿಯಿಂದಲೇ ಬರಬೇಕು. ಕಾರವಾರ–ಅಂಕೋಲಾ ಬಸ್ಸಿಗೆ 50 ನಿಮಿಷ ಪ್ರಯಾಣ, 15 ನಿಮಿಷ ಕಾಯುವಿಕೆ, 50 ರೂಪಾಯಿ ಟಿಕೆಟ್ ಎಂದಿಟ್ಟುಕೊಂಡರೆ ಅಂಕ ಮೈನಸ್ 4.7. ಬೈಕಿಗೆ 45 ನಿಮಿಷ, 70 ರೂಪಾಯಿ ಪೆಟ್ರೋಲ್ ಎಂದರೆ ಮೈನಸ್ 3.9. 2.718ಕ್ಕೆ ಈ ಅಂಕಗಳನ್ನು ಘಾತವಾಗಿ ಹಾಕಿ, ಬಂದ ಎರಡು ಸಂಖ್ಯೆಗಳ ಮೊತ್ತದಲ್ಲಿ ಬಸ್ಸಿನ ಪಾಲೆಷ್ಟು ನೋಡಿ: ಶೇ 31. ಟಿಕೆಟ್ 10 ರೂಪಾಯಿ ಇಳಿಸಿದರೆ 38. ಟಿಕೆಟ್ ಮುಟ್ಟದೆ ಕಾಯುವಿಕೆಯನ್ನು 5 ನಿಮಿಷಕ್ಕೆ ತಂದರೆ 50! ನಿಲ್ದಾಣದಲ್ಲಿ ಕಳೆಯುವ ನಿಮಿಷ ಸೀಟಿನಲ್ಲಿ ಕಳೆಯುವುದರ ಸುಮಾರು ಎರಡು ಪಟ್ಟು ಭಾರ ಎಂದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಂಗಸರಿಗೂ ಗಂಡಸರಿಗೂ ಒಂದೇ ಟಿಕೆಟ್ ದರ ಹಾಕಿದ ಮಾದರಿ ಇಲ್ಲಿ ನಡೆಯುವುದಿಲ್ಲ. ಮೇಲಿನ ಉದಾಹರಣೆಯಲ್ಲೇ ಟಿಕೆಟ್ ಸೊನ್ನೆಯಾದರೆ ಬಸ್ಸಿನ ಪಾಲು 67. ಹೆಂಗಸರಿಗೆ ಇಳಿಸಲು ದರವೇ ಉಳಿದಿಲ್ಲ, ಇನ್ನು ಸುಧಾರಿಸಬೇಕಾದದ್ದು ಕಾಯುವಿಕೆ ಮತ್ತು ಸೀಟು. ಹೊರರಾಜ್ಯಕ್ಕೆ ಶಕ್ತಿ ಇಲ್ಲವಾದ್ದರಿಂದ ಮಡಗಾಂವ್ ಬಸ್ಸಿಗೆ ಮತ್ತೆ ಬೇರೆ ದರ.

ರೈಲನ್ನು ಸೇರಿಸುವಾಗ ಬರೀ ರೈಲು ಟಿಕೆಟ್ ಹಾಕುವುದು ದೊಡ್ಡ ತಪ್ಪು. ಕಾರವಾರದ ಸ್ಟೇಷನ್ ಇರುವುದು ಶಿರವಾಡದಲ್ಲಿ, ಗೋಕರ್ಣ ರೋಡ್ ಇರುವುದು ಗೋಕರ್ಣದಿಂದ ದೂರದಲ್ಲಿ. ರಿಕ್ಷಾ ಬಾಡಿಗೆಯನ್ನೂ ರಿಕ್ಷಾಕ್ಕೆ ಕಾದ ಹೊತ್ತನ್ನೂ ಸೇರಿಸದೆ ರೈಲಿಗೆ ಅಂಕ ಕೊಟ್ಟರೆ ಕಾಗದದ ಮೇಲೆ ರೈಲೇ ಗೆಲ್ಲುತ್ತದೆ.

ಕುಮಟಾ–ಹೊನ್ನಾವರ–ಭಟ್ಕಳದಲ್ಲಿ ಇನ್ನೊಂದು ತೊಡಕು. ಬೈಕ್ ಅರ್ಧ, ಬಸ್ ಅರ್ಧ ಇರುವಲ್ಲಿ ಬಸ್ಸಿನಂಥದೇ ಟೆಂಪೋ ಬಂದರೆ ಸರಳ ಲಾಜಿಟ್ ಮೂವರಿಗೂ ಮೂರನೇ ಒಂದು ಪಾಲು ಹಂಚುತ್ತದೆ. ನಿಜದಲ್ಲಿ ಬೈಕಿನವರು ಬೈಕಿನಲ್ಲೇ ಇರುತ್ತಾರೆ, ಬಸ್ಸಿನ ಅರ್ಧದಲ್ಲೇ ಟೆಂಪೋ ಪಾಲು ಕೇಳುತ್ತದೆ. ಹಾಗಾಗಿ ಬಸ್, ಟೆಂಪೋ ಎರಡನ್ನೂ ಒಂದು ಗುಂಪಿನಡಿ ಇಡುವ ನೆಸ್ಟೆಡ್ ಲಾಜಿಟ್ ಬೇಕು.

ಮಾಹಿತಿಯನ್ನು ಮನೆಮನೆಗೆ ಹೋಗಿಯೇ ತರಬೇಕು. ನಿನ್ನೆ ಯಾವುದರಲ್ಲಿ ಹೋದಿರಿ ಎಂದಷ್ಟೇ ಅಲ್ಲ, ಹೋಗಬಹುದಾಗಿದ್ದೂ ಬಿಟ್ಟ ವಾಹನದ ಹೊತ್ತು, ಖರ್ಚನ್ನೂ ಬರೆದುಕೊಳ್ಳಬೇಕು. ಹೆಚ್ಚಿನ ಫಾರಂಗಳಲ್ಲಿ ಖಾಲಿ ಉಳಿಯುವುದು ಈ ಅಂಕಣವೇ. ಬೈಕಿಲ್ಲದ ಮನೆಗೆ ಬೈಕನ್ನೂ ಆಯ್ಕೆಯಾಗಿ ಸೇರಿಸಿದರೆ, ಗತಿಯಿಲ್ಲದೆ ಬಸ್ ಹತ್ತಿದವರನ್ನು ಮಾದರಿ ಬಸ್ ಮೆಚ್ಚಿದವರೆಂದು ಓದುತ್ತದೆ. ಬಸ್ ಸ್ಟ್ಯಾಂಡಿನಲ್ಲೂ ಕೇಳುವುದಾದರೆ ಕೇಳಲಿ, ಆದರೆ ಊರಿನ ನಿಜವಾದ ಪಾಲಿಗೆ ತಕ್ಕಂತೆ ಆ ಉತ್ತರಗಳಿಗೆ ತೂಕ ಕೊಟ್ಟು ಸರಿಪಡಿಸಬೇಕು.

ನಮ್ಮ ಹೆದ್ದಾರಿ 66ರಲ್ಲಿ ಟಿಕೆಟ್ಟೂ ಹೊತ್ತೂ ಎರಡೂ ಕಿಲೋಮೀಟರಿಗೆ ತಕ್ಕಂತೆ ಒಟ್ಟಿಗೇ ಏರುತ್ತವೆ. ಜನ ಹಿಂಜರಿದದ್ದು ದರಕ್ಕೋ ಹೊತ್ತಿಗೋ ಎಂದು ಬಿಡಿಸಲು ನಿಜ ಪ್ರಯಾಣದ ಮಾಹಿತಿ ಮಾತ್ರ ಸಾಲುವುದಿಲ್ಲ. ದರ ಹೆಚ್ಚಿದರೆ ಜನರೂ ಹೆಚ್ಚುತ್ತಾರೆ ಎಂಬ ವಿಚಿತ್ರ ಉತ್ತರವೂ ಬಂದೀತು. ಅದಕ್ಕೇ ಕಾರ್ಡುಗಳು: ಒಂದರಲ್ಲಿ ‘ಬಸ್, 40 ರೂಪಾಯಿ, 20 ನಿಮಿಷ ಕಾಯಬೇಕು’, ಪಕ್ಕದಲ್ಲಿ ‘ಟೆಂಪೋ, 60 ರೂಪಾಯಿ, 5 ನಿಮಿಷ’. ಯಾವುದು ಆರಿಸುತ್ತೀರಿ? ಒಬ್ಬರಿಗೆ ಇಂಥ ಏಳೆಂಟು ಸಾಕು, ಹೆಚ್ಚಾದರೆ ಬೇಸತ್ತು ಕೈಗೆ ಬಂದದ್ದನ್ನು ತೋರಿಸುತ್ತಾರೆ.

ಸಮೀಕ್ಷೆಗೆ ಶಿರಸಿ ಮಾರಿಕಾಂಬಾ ಜಾತ್ರೆಯ ವಾರ, ಗೋಕರ್ಣದ ಶಿವರಾತ್ರಿ ಬೇಡ. 2024ರ ಜುಲೈನಲ್ಲಿ ಶಿರೂರಿನಲ್ಲಿ ಆದಂತೆ ಗುಡ್ಡ ಕುಸಿದು ರಸ್ತೆ ಬಂದಾದ ದಿನಗಳ ಮಾಹಿತಿಯೂ ಬೇಡ. ಆದರೆ ಮಳೆಗಾಲವನ್ನು ಪೂರ್ತಿ ಬಿಡುವ ಹಾಗಿಲ್ಲ, ಬೈಕಿನವ ಬಸ್ ಹತ್ತುವುದು ಆಗಲೇ. ಜನವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಕೇಳಿ ಎರಡಕ್ಕೂ ಬೇರೆ ಬೇರೆ ಅಂಕ ತೆಗೆಯಲಿ. ಲೆಕ್ಕಕ್ಕೆ ಬೇಕಾದ ಬಯೋಜೀಮ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಖರ್ಚೆಲ್ಲ ಮನೆ ಸುತ್ತುವವರ ದಿನಗೂಲಿಯದ್ದು.

– ಸಾರಿಗೆ ಲೆಕ್ಕಾಚಾರದ ಆಸಕ್ತರು, ಕಾರವಾರ