ನಗು ಯಾಕೆ ಯಾವಾಗಲೂ ಪೊರಕೆ ಹಿಡಿದವರ ಮೇಲೆ?

ಸಂಪಾದಕರೇ,

ಕಲಾಕೃತಿಯನ್ನು ಕಸ ಅಂದುಕೊಂಡು ಗುಡಿಸಿ ಹಾಕಿದ ಕ್ಲೀನರ್‌ಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ತಮಾಷೆಯಾಗಿತ್ತು, ನಾನೂ ನಕ್ಕೆ. ಆಮೇಲೆ ಯಾಕೋ ಸರಿ ಅನ್ನಿಸಲಿಲ್ಲ. ನಾವು ಯಾರನ್ನು ನೋಡಿ ನಗುತ್ತಿದ್ದೇವೆ?

2011ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನ ಮ್ಯೂಸಿಯಂನಲ್ಲಿ ನಡೆದದ್ದನ್ನೇ ತಗೊಳ್ಳಿ. ಮಾರ್ಟಿನ್ ಕಿಪ್ಪೆನ್‌ಬರ್ಗರ್ ಅನ್ನೋ ಕಲಾವಿದರ ಕೃತಿ. ಮರದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ನಿಲ್ಲಿಸಿದ ಗೋಪುರ, ಅದರ ಅಡಿಯಲ್ಲಿ ಒಂದು ರಬ್ಬರ್ ತೊಟ್ಟಿ. ಸೋರಿದ ನೀರು ನಿಂತು ಒಣಗಿದರೆ ತಳದಲ್ಲಿ ಮಾಸಲು ಕರೆ ಉಳಿಯುತ್ತಲ್ಲ, ಹಾಗೇ ಕಾಣಬೇಕು ಅಂತ ತೊಟ್ಟಿಗೆ ಬಣ್ಣ ಬಳಿದಿದ್ದರು. ಬೆಲೆ 8 ಲಕ್ಷ ಯೂರೋ. ಕ್ಲೀನಿಂಗ್‌ಗೆ ಬಂದ ಹೆಂಗಸು ಆ ಕರೆಯನ್ನು ತಿಕ್ಕಿ ತಿಕ್ಕಿ ತೆಗೆದುಬಿಟ್ಟರು. ಜಗತ್ತೆಲ್ಲ ನಕ್ಕಿತು.

ಸ್ವಲ್ಪ ಯೋಚಿಸಿ. ನೋಡಿದವರಿಗೆ ಅದು ನಿಜವಾದ ಕರೆ ಅನ್ನಿಸಲಿ ಅಂತಲೇ ತಾನೇ ಕಲಾವಿದ ಅಷ್ಟು ಕಷ್ಟಪಟ್ಟಿದ್ದು? ಅದನ್ನು ಪೂರ್ತಿ ನಂಬಿದವರು ಆಕೆಯೊಬ್ಬರೇ. ಉಳಿದವರೆಲ್ಲ ಪಕ್ಕದ ಬೋರ್ಡ್ ಓದಿ, ಹೂಂ ಅಂತ ತಲೆ ಆಡಿಸಿ ಮುಂದೆ ಹೋಗಿರಬೇಕು. ಕೃತಿಗಳಿಂದ 20 ಸೆಂಟಿಮೀಟರ್ ದೂರ ಇರಿ ಅಂತ ಕ್ಲೀನರ್‌ಗಳಿಗೆ ಹೇಳಿದ್ದರಂತೆ. ಇದು ಏನು, ಯಾಕೆ ಹೀಗಿದೆ ಅಂತಲೂ ಯಾರಾದರೂ ಹೇಳಿದ್ದರಾ?

ಅಭಿರುಚಿ ಹುಟ್ಟಿನಿಂದ ಬರುತ್ತೆ, ಕೆಲವರಿಗೆ ಇರುತ್ತೆ ಕೆಲವರಿಗೆ ಇರಲ್ಲ ಅಂತ ನಾವು ಸುಮ್ನೆ ನಂಬಿಕೊಂಡಿದ್ದೇವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೊ 1960ರ ದಶಕದಲ್ಲಿ ಸಾವಿರಕ್ಕೂ ಜಾಸ್ತಿ ಜನರನ್ನು ಕೇಳಿದ್ದರು: ಯಾವುದರ ಫೋಟೊ ತೆಗೆದರೆ ಚೆನ್ನಾಗಿರುತ್ತೆ? ಮುಳುಗುವ ಸೂರ್ಯ ಚೆಂದ ಅಂದವರಲ್ಲಿ ಕಡಿಮೆ ಓದಿದವರು, ಕೂಲಿ ಕೆಲಸದವರು ಜಾಸ್ತಿ. ಎಲೆಕೋಸಿನದ್ದೂ ಚೆನ್ನಾಗಿ ಬರಬಹುದು ಅಂದವರಲ್ಲಿ ದೊಡ್ಡ ಡಿಗ್ರಿ ಇದ್ದವರು ಜಾಸ್ತಿ. ಅಂದರೆ ಎಲೆಕೋಸನ್ನು ಚೆಂದ ಅನ್ನೋಕೆ ಒಂದು ಧೈರ್ಯ ಬೇಕು, ಆ ಧೈರ್ಯ ಮನೆಯಿಂದ, ಓದಿನಿಂದ, ನಾಳೆಯ ಚಿಂತೆ ಇಲ್ಲದ ಬದುಕಿನಿಂದ ಬರುತ್ತೆ. ಸೂರ್ಯಾಸ್ತ ಅಂದವರಿಗೆ ಕಣ್ಣಿಲ್ಲ ಅಂತೇನೂ ಅಲ್ಲ.

ಇನ್ನು ದುಡ್ಡಿರುವವರ ಕಣ್ಣು ಚುರುಕು ಅನ್ನೋದೂ ಅಷ್ಟರಲ್ಲೇ ಇದೆ. 2013ರ ಅಕ್ಟೋಬರ್‌ನಲ್ಲಿ ಬ್ಯಾಂಕ್ಸಿ ಅನ್ನೋ ಹೆಸರಾಂತ ಬೀದಿ ಕಲಾವಿದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಹತ್ತಿರ ಒಬ್ಬ ವಯಸ್ಸಾದವರನ್ನು ಕೂರಿಸಿ, ತನ್ನದೇ ಅಸಲಿ ಚಿತ್ರಗಳನ್ನು ಫುಟ್‌ಪಾತಿನಲ್ಲಿ ಮಾರಿಸಿದ. ಒಂದಕ್ಕೆ 60 ಡಾಲರ್. ಹೆಸರು ಹೇಳಲಿಲ್ಲ ಅಷ್ಟೇ. ದಿನವಿಡೀ ಆದ ವ್ಯಾಪಾರ 420 ಡಾಲರ್, ಅದರಲ್ಲೂ ಒಬ್ಬಾಕೆ ಚೌಕಾಸಿ ಮಾಡಿ ಎರಡನ್ನು ಅರ್ಧ ಬೆಲೆಗೆ ಒಯ್ದರು. ಮರುವರ್ಷ ಅದೇ ಗಾಡಿಯ ಎರಡು ಚಿತ್ರ ಲಂಡನ್ನಿನ ಹರಾಜಿನಲ್ಲಿ 1 ಲಕ್ಷ ಪೌಂಡಿಗೂ ಮೇಲೆ ಹೋದವು. ಚಿತ್ರ ಅದೇ, ಬಿಡಿಸಿದ ಕೈ ಅದೇ.

ಹಾಗಂತ ಇದೆಲ್ಲ ಮೋಸ, ನಮ್ಮನೆ ಮಗೂನೂ ಬಿಡಿಸುತ್ತೆ ಅನ್ನೋ ಗುಂಪಿನವನಲ್ಲ ನಾನು. ಆ ಮಾತು ಕೇಳಿದರೂ ನನಗೆ ಬೇಜಾರಾಗುತ್ತೆ. ಮೌರಿಜಿಯೊ ಕಟ್ಟೆಲಾನ್ ಅನ್ನೋ ಕಲಾವಿದರು ಗೋಡೆಗೆ ಟೇಪ್ ಹಚ್ಚಿ ಅಂಟಿಸಿದ ಬಾಳೆಹಣ್ಣು ನನಗೆ ಇಷ್ಟವೇ. ಒಳ್ಳೆ ಕುಚೋದ್ಯ. ಆದರೆ ಆ ಹಣ್ಣಿನ ಕತೆಯಲ್ಲಿ ನನಗೆ ನೆನಪಿರೋದು ಬೇರೆ. 2019ರಲ್ಲಿ ಮಯಾಮಿಯಲ್ಲಿ ಅದು 1 ಲಕ್ಷ 20 ಸಾವಿರ ಡಾಲರಿಗೆ ಮಾರಾಟವಾದಾಗ ಅಲ್ಲಿನ ಕ್ಲೀನಿಂಗ್ ಕೆಲಸದವರು ತಮ್ಮ ಅಂಗಿಗೇ ಬಾಳೆಹಣ್ಣು ಟೇಪ್ ಮಾಡಿಕೊಂಡು ಸಂಬಳ ಜಾಸ್ತಿ ಮಾಡಿ ಅಂತ ಬೀದಿಗೆ ಇಳಿದರು. 2024ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಬೆಲೆ 62 ಲಕ್ಷ ಡಾಲರ್ ಆಯಿತು. ಕೊಂಡವರಿಗೆ ನಿಜವಾಗಿ ಸಿಗೋದು ಸರ್ಟಿಫಿಕೇಟು ಮತ್ತು ಹೇಗೆ ಅಂಟಿಸಬೇಕು ಅನ್ನೋ ಸೂಚನೆ, ಹಣ್ಣು ಕೊಳೆತರೆ ಬದಲಾಯಿಸಿಕೊಳ್ಳಬೇಕು. ಅವತ್ತಿನ ಹಣ್ಣನ್ನು ಹರಾಜು ಕಟ್ಟಡದ ಹೊರಗಿನ ಗಾಡಿಯಲ್ಲಿ 35 ಸೆಂಟಿಗೆ ತಂದಿದ್ದರು. ಅದನ್ನು ಮಾರಿದ, ಎಪ್ಪತ್ತು ದಾಟಿದ ಕೂಲಿಯಾಳಿಗೆ ಪತ್ರಕರ್ತರೊಬ್ಬರು ಬೆಲೆ ಹೇಳಿದಾಗ ಅವರು ಅತ್ತರಂತೆ. ಕುಚೋದ್ಯ ಅವರನ್ನು ಮುಟ್ಟೋ ಹೊತ್ತಿಗೆ ಕುಚೋದ್ಯವಾಗಿ ಉಳಿದಿರಲಿಲ್ಲ.

ನಿಮ್ಮ ಪತ್ರಿಕೆಯಲ್ಲಿ ಸಮಕಾಲೀನ ಕಲೆ ಸುದ್ದಿಯಾಗೋದು ಎರಡೇ ಸಲ, ದಾಖಲೆ ಬೆಲೆಗೆ ಹೋದಾಗ, ಇಲ್ಲಾ ಯಾರೋ ಬಡಪಾಯಿ ಅದನ್ನು ಕಸದ ಬುಟ್ಟಿಗೆ ಹಾಕಿದಾಗ. ಮಧ್ಯದಲ್ಲಿ ಆ ಕೃತಿ ಹೇಗಿತ್ತು ಅಂತ ಬರೆಯೋರೇ ಇಲ್ಲ.

ಒಮ್ಮೆ ಒಂದು ಗ್ಯಾಲರಿಯಲ್ಲಿ ಬರೀ ನೀಲಿ ಬಳಿದ ದೊಡ್ಡ ಕ್ಯಾನ್ವಾಸ್ ಮುಂದೆ ಏನೂ ತಿಳಿಯದೆ ನಿಂತಿದ್ದೆ. ಯಾರನ್ನಾದರೂ ಕೇಳೋಕೆ ನಾಚಿಕೆ. ಮೂಲೆಯಲ್ಲಿ ನಿಂತಿದ್ದ ಗಾರ್ಡ್ ತಾವಾಗೇ ಹತ್ತಿರ ಬಂದು, “ಎಡಗಡೆ ಅಂಚು ನೋಡಿ ಸಾರ್, ಅಲ್ಲಿ ಬಣ್ಣ ತೆಳ್ಳಗಿದೆ, ಸಂಜೆ ಹೊತ್ತಿಗೆ ಅಷ್ಟು ಜಾಗ ಬೂದಿ ಥರ ಆಗುತ್ತೆ” ಅಂದರು. ಬೋರ್ಡಿನಲ್ಲಿ ಇದು ಇರಲಿಲ್ಲ. ಮುಂದಿನ ಸಲ ಪುರವಣಿಗೆ ಕಲಾ ಪ್ರದರ್ಶನದ ಬಗ್ಗೆ ಬರೆಸುವಾಗ, ದಿನಕ್ಕೆ ಎಂಟು ಗಂಟೆ ಆ ಚಿತ್ರಗಳ ಜೊತೆಗೇ ನಿಲ್ಲುವ ಇಂಥವರನ್ನೂ ಒಂದು ಮಾತು ಕೇಳಿಸಿ.

ಇಂತಿ,
ನಿಮ್ಮ ಹಳೆಯ ಓದುಗ