ಓದುಗ ಬಳಗದ ಸದಸ್ಯರ ಗಮನಕ್ಕೆ

ಸ್ಪ್ಯಾನಿಷ್ ಲೇಖಕ ಸರ್ವಾಂಟಿಸನ ‘ಡಾನ್ ಕ್ವಿಕ್ಸಾಟ್’ ಕಾದಂಬರಿಯ ಕುರಿತು ನೀವು ಕಳುಹಿಸಿದ ಅಭಿಪ್ರಾಯಗಳನ್ನೆಲ್ಲ ಓದಿದ್ದೇನೆ. ವೀರಗಾಥೆಗಳ ಗೀಳು ಹತ್ತಿಸಿಕೊಂಡು ಗಾಳಿಗಿರಣಿಗಳನ್ನು ರಾಕ್ಷಸರೆಂದು ಭ್ರಮಿಸುವ ಕಥಾನಾಯಕನನ್ನು ಕಂಡು ಕೆಲವರು ಮನಸಾರೆ ನಕ್ಕಿದ್ದೀರಿ. ಉಳಿದವರು, ಅವನಿಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಗೆ ನಗುವುದಾದರೂ ಹೇಗೆಂದು ಸಿಟ್ಟಾಗಿದ್ದೀರಿ. (ಐವತ್ತರ ಆಸುಪಾಸಿನ ಅವನನ್ನು ನಿಮ್ಮ ಅಭಿಪ್ರಾಯಗಳಲ್ಲಿ ‘ಮುದುಕ’ ಎಂದು ಕರೆದದ್ದಕ್ಕೆ ನನ್ನ ವೈಯಕ್ತಿಕ ಆಕ್ಷೇಪವಿದೆ.) ಈ ಜಗಳವನ್ನು ಲೇಖಕನೇ ಮುಂದಾಗಿ ಊಹಿಸಿದ್ದನೆಂದು ನನಗನಿಸುತ್ತದೆ: 1605ರ ಮೊದಲ ಭಾಗವನ್ನು ಓದಿಕೊಂಡ ಡ್ಯೂಕ್ ದಂಪತಿಗಳು 1615ರ ಎರಡನೆಯ ಭಾಗದಲ್ಲಿ ಪಾತ್ರಗಳಾಗಿಯೇ ಬಂದು, ಬರೀ ಮೋಜಿಗಾಗಿ ಅವನ ಹುಚ್ಚಿಗೆ ತುಪ್ಪ ಸುರಿಯುತ್ತಾರೆ, ಕೊನೆಗೆ, ಗೇಲಿ ಮಾಡಿದವರೂ ಗೇಲಿಗೊಳಗಾದವರಷ್ಟೇ ಹುಚ್ಚರೆಂಬ ಮಾತೂ ಅಲ್ಲಿಯೇ ಬರುತ್ತದೆ. ಆದ್ದರಿಂದ ಬರುವ ಭಾನುವಾರ ಸಂಜೆ 5 ಗಂಟೆಗೆ ಬೆಳಗಾವಿಯ ಟಿಳಕವಾಡಿಯಲ್ಲಿ ಎಂದಿನ ಸ್ಥಳಕ್ಕೆ ಬರುವಾಗ, ಡ್ಯೂಕನ ಅರಮನೆಯ ಅಧ್ಯಾಯಗಳನ್ನಾದರೂ ಓದಿಕೊಂಡು ಬರಬೇಕೆಂದು ವಿನಂತಿ.