ಸೂರ್ಯನ ತಟಸ್ಥ ಪರಮಾಣುಗಳು, ಕಲಬುರಗಿಯ ನನ್ನ ಮಂದಿ

ನಿನ್ನೆ ಮೌಖಿಕ ಪರೀಕ್ಷೆ ಮುಗಿದು ನನ್ನ ಪಿಎಚ್‌.ಡಿ. ಪ್ರಬಂಧ ಅಂಗೀಕಾರವಾಯಿತು. ಸೂರ್ಯನ ಸ್ಫೋಟಗಳಲ್ಲಿ ಹುಟ್ಟುವ ಅತಿ ವೇಗದ ತಟಸ್ಥ (ವಿದ್ಯುದಂಶ ಇಲ್ಲದ) ಪರಮಾಣುಗಳ ಗಣಕ ಮಾದರಿ ಕಟ್ಟುವುದು ನನ್ನ ವಿಷಯ. ಫೋನು ಮಾಡಿ, ಮನೆಗೆ ಬಂದು ಹರಸಿದವರಿಗೆಲ್ಲ ಶರಣು.

ಮೊದಲ ಋಣ, ನಾನೆಂದೂ ಕಾಣದವರದು. 2006ರ ಡಿಸೆಂಬರ್ 5ರಂದು ಸೂರ್ಯನಲ್ಲಿ ಎಕ್ಸ್‌9 ದರ್ಜೆಯ (ಅತಿ ಪ್ರಬಲ ವರ್ಗದ) ಜ್ವಾಲೆ ಎದ್ದಿತು. ಅದೇ ಅಕ್ಟೋಬರ್‌ನಲ್ಲಿ ಹಾರಿದ್ದ ನಾಸಾದ ಸ್ಟೀರಿಯೊ ಜೋಡಿ ನೌಕೆಗಳು, ಧನ ವಿದ್ಯುದಂಶದ ಕಣಗಳಾದ ಪ್ರೋಟಾನ್‌ಗಳ ದೊಡ್ಡ ಅಲೆಗೂ ಮುಂಚೆ, ನೇರ ಸೂರ್ಯನ ದಿಕ್ಕಿನಿಂದ ಬಂದ ಹೈಡ್ರೋಜನ್ ಪರಮಾಣುಗಳ ಸುಳಿವು ಹಿಡಿದವು. ಶಕ್ತಿ 1.6ರಿಂದ 15 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿಯ ಅಳತೆ). ವಿದ್ಯುದಂಶ ಇಲ್ಲದ್ದರಿಂದ ಕಾಂತಕ್ಷೇತ್ರ ಇವುಗಳ ದಾರಿ ತಿರುಗಿಸಲಾರದು; ಹುಟ್ಟಿದ ಜಾಗದ ಸುದ್ದಿಯನ್ನು ಹಾಗೇ ತರುತ್ತವೆ. ವಿಜ್ಞಾನಿ ರಿಚರ್ಡ್ ಮೆವಾಲ್ಟ್ ಮತ್ತು ಜೊತೆಗಾರರು ಇದನ್ನು 2009ರಲ್ಲಿ ಪ್ರಕಟಿಸಿದರು. ಆ ನೌಕೆಗಳ ದತ್ತಾಂಶ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇರದಿದ್ದರೆ ಕಲಬುರಗಿಯ ಬಾಡಿಗೆ ಕೋಣೆಯಲ್ಲಿ ಕೂತು ಈ ಕೆಲಸ ಮಾಡಲು ಆಗುತ್ತಿರಲಿಲ್ಲ.

ನಮ್ಮ ಮಾರ್ಗದರ್ಶಕ ಮೇಡಂ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಓಡುವ ಪ್ರೋಟಾನು, ಆಮ್ಲಜನಕ ಅಥವಾ ಇಂಗಾಲದ ಅಯಾನಿನಿಂದ (ಕೆಲವು ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನಿಂದ) ಒಂದು ಎಲೆಕ್ಟ್ರಾನ್ ಕಸಿದುಕೊಂಡರೆ ತಟಸ್ಥವಾಗುತ್ತದೆ. ನನ್ನ ಮಾದರಿ ಅಲ್ಲಿಯವರೆಗೆ ಬಂದಿತ್ತು. "ಹುಟ್ಟೋ ಲೆಕ್ಕ ಆತು. ಉಳಿಯೋ ಲೆಕ್ಕ ಎಲ್ಲಿದವ್ವಾ?" ಎಂದರು ಮೇಡಂ. ಆ ಪ್ರಶ್ನೆಯೇ ಮುಂದೆ ಪ್ರಬಂಧದ ಅರ್ಧ ಭಾಗವಾಯಿತು. ಸೂರ್ಯನಿಗೆ ತೀರಾ ಹತ್ತಿರ ಹುಟ್ಟಿದ ಪರಮಾಣು ದಟ್ಟವಾದ ಕರೋನಾ ದಾಟುವಾಗ ಎಲೆಕ್ಟ್ರಾನು, ಅಯಾನುಗಳಿಗೆ ಡಿಕ್ಕಿ ಹೊಡೆದು, ಪಡೆದ ಎಲೆಕ್ಟ್ರಾನನ್ನು ಮತ್ತೆ ಕಳೆದುಕೊಳ್ಳುತ್ತದೆ. ಕರೋನಾದ ದ್ರವ್ಯ ಸಿಡಿದು ಹೊರಟಾಗ ಅದರ ಮುಂದೆ ಏಳುವ ಆಘಾತ ತರಂಗ ಮೇಲೇರಿದಂತೆ ಸುತ್ತಲ ಸಾಂದ್ರತೆ ಇಳಿಯುತ್ತದೆ. ಅಲ್ಲಿ ಹುಟ್ಟುವುದು ಕಡಿಮೆ, ಹುಟ್ಟಿದ್ದು ಪಾರಾಗುವುದು ಹೆಚ್ಚು. ಈ ಎರಡರ ಜಗ್ಗಾಟದಲ್ಲೇ ನಮಗೆ ತಲುಪುವ ಎಣಿಕೆ ನಿಂತಿದೆ. ದಾಲ್ ಮಿಲ್ಲಿನಲ್ಲಿ ದುಡಿಯುವ ನಮ್ಮ ಕಾಕಾ ಇದನ್ನೆಲ್ಲ ಕೇಳಿ, "ಅಂದ್ರ ತೊಗರಿ ಸಿಪ್ಪಿ ಉದುರಿದಂಗ" ಅಂದರು. ಹೌದು ಕಾಕಾ, ಹಂಗೇ.

ಅಪ್ಪ ಆಸ್ಪತ್ರೆಯಲ್ಲಿದ್ದ ತಿಂಗಳುಗಳಲ್ಲಿ ವಿಭಾಗದ ಗೆಳತಿಯರು ನನ್ನ ಪ್ರೋಗ್ರಾಮುಗಳನ್ನು ಓಡಿಸಿ, ಫಲಿತಾಂಶವನ್ನು ರಾತ್ರಿ ಫೋನಿಗೆ ಕಳಿಸುತ್ತಿದ್ದರು. ಕೋಣೆಯ ಮಾಲಕಿ ಚಿಗವ್ವ ಬಾಡಿಗೆ ಕೇಳಲಿಲ್ಲ; ಬುತ್ತಿಗೆ ಜೋಳದ ರೊಟ್ಟಿ, ಪುಂಡಿಪಲ್ಯೆ ಕಟ್ಟಿ ಕೊಟ್ಟರು. ಅಪ್ಪ ಈಗ ಆರಾಮ. ಅವ್ವ ಮಾತ್ರ ಆಗಲೂ ಈಗಲೂ ಒಂದೇ ಕೇಳುತ್ತಾಳೆ: "ಅವು ನಮ್ಮ ತನಕ ಬರಾಕ ಎಷ್ಟೊತ್ತು?" ಬೆಳಕಿಗೆ ಎಂಟು ನಿಮಿಷ ಚಿಲ್ಲರೆ, ಅವ್ವಾ. 15 ಎಂಇವಿಯ ಪರಮಾಣುವಿಗೆ ಮುಕ್ಕಾಲು ತಾಸಿನ ಮೇಲೆ, 1.6ರದಕ್ಕೆ ಹತ್ತಿರ ಹತ್ತಿರ ಎರಡೂವರೆ ತಾಸು. ಅಪಾಯಕಾರಿ ಪ್ರೋಟಾನ್‌ಗಳ ಮುನ್ಸೂಚನೆಗೆ ಈ ಮೊದಲ ಬರವು ನೆರವಾದೀತೆಂಬ ಆಸೆಯಿಂದಲೇ ನಾನು ಇದನ್ನು ಹಿಡಿದದ್ದು.

ಮಾದರಿಯ ಪ್ರೋಗ್ರಾಮನ್ನು ವಿಭಾಗದ ಕಂಪ್ಯೂಟರಿನಲ್ಲಿ ಕನ್ನಡ ಟಿಪ್ಪಣಿಗಳ ಸಮೇತ ಇಟ್ಟಿದ್ದೇನೆ. ಬೀದರ್, ಯಾದಗಿರಿ ಕಡೆಯ ಎಂ.ಎಸ್ಸಿ. ಮಕ್ಕಳಿಗೆ ಆಸಕ್ತಿ ಇದ್ದರೆ ಬನ್ನಿ, ಪಕ್ಕದಲ್ಲಿ ಕೂತು ತೋರಿಸುತ್ತೇನೆ.